ಮುಚ್ಚಳ ತೆಗೆದ ನಳಿಕೆ

ನಡುರಾತ್ರಿ ಲ್ಯಾಬಿನಲ್ಲಿ ರಕ್ತಪರೀಕ್ಷೆ ಯಂತ್ರದ ಸೂಜಿ ಟಿಕ್ ಎಂದಿತು. ನಳಿಕೆಗೆ ಇಳಿಯುವಾಗ ಗಟ್ಟಿ ವಸ್ತು ತಗುಲಿದರೆ ಅದರ ತಲೆಯ ಅಯಸ್ಕಾಂತ ಸರಿದು ಹಾಗೆ ಸದ್ದಾಗುತ್ತದೆ. ಮುಚ್ಚಳ ತೆಗೆಯಲು ಮರೆಯುವುದುಂಟು, ಅದಕ್ಕೇ ಮೊದಲ ಸಲಕ್ಕೆ ಮಾಫಿ. ಅದೇ ನಳಿಕೆಯಲ್ಲಿ ಎರಡನೆಯ ಸಲವೂ ಸೂಜಿ ತಡೆದು ನಿಂತರೆ ರಕ್ತ ಕಲ್ಲಾಗುತ್ತಿದೆ ಎಂದರ್ಥ. ಬೆಳಗಾಗುವುದರೊಳಗೆ ಯಂತ್ರವೇ ನಳಿಕೆಯ ಮೇಲಿನ ಹೆಸರಿನವರ ಮನೆಗೆ ವ್ಯಾನು ಕಳಿಸುತ್ತದೆ. ಅದರಲ್ಲಿ ಹೋದವರು ತಿರುಗಿ ಬಂದಿಲ್ಲ.

ನಳಿಕೆಯ ಮೇಲೆ ವಾರಿಜಾಳ ಮಗಳ ಹೆಸರಿತ್ತು.

“ಏನ್ರೀ ವಾರಿಜಾ, ಮುಚ್ಚಳ ತೆಗೀಲಿಲ್ವಾ?” ಪಕ್ಕದ ಯಂತ್ರದ ಬಳಿಯಿದ್ದ ಗುಲ್ಜಾರಮ್ಮ ನಕ್ಕರು.

“ಮರ್ತೇಬಿಟ್ಟೆ ಕಣ್ರೀ.” ಮೊದಲೇ ತೆಗೆದಿದ್ದ ಮುಚ್ಚಳ ಅವಳ ಮುಷ್ಟಿಯಲ್ಲಿತ್ತು.

ಗುಲ್ಜಾರಮ್ಮ ಅತ್ತ ತಿರುಗಿದಾಗ ವಾರಿಜಾ ಆ ನಳಿಕೆ ತೊಳೆದು, ತನ್ನದೇ ರಕ್ತ ತೆಗೆದು ತುಂಬಿದಳು. ಸೂಜಿ ಇಳಿಯಿತು. ಟಿಕ್.

ಗುಲ್ಜಾರಮ್ಮ ಈಗ ನಗಲಿಲ್ಲ. “ಯಾರದ್ರೀ?”

“ಯಾರೋ, ಗೊತ್ತಿಲ್ಲ.”

ವಾರಿಜಾ ಫೋನು ಕೈಗೆತ್ತಿಕೊಂಡು, ಮತ್ತೆ ಕೆಳಗಿಟ್ಟಳು. ಯಾರಿಗೂ ಹೇಳುವುದು ಬೇಡ, ಮಗಳಿಗೂ. ವ್ಯಾನು ಬರುವವರೆಗಾದರೂ ಅವಳು ನಿದ್ದೆ ಮಾಡಲಿ.