ಕ್ಯಾಪ್ಟನ್‌ನ ಹೆಲ್ಮೆಟ್ಟು

ದರ್ಜಿ ಅಕ್ಕ ಗೊಂಬೆ ಕ್ಯಾಪ್ಟನ್‌ನ ಹೆಲ್ಮೆಟ್ಟನ್ನು ಹೆಬ್ಬೆರಳಿನಿಂದ ಸವರಿದಳು. ತಿರುಗಿಸಿ ಇನ್ನೊಂದು ಬದಿ ಸವರಿದಳು. ಆಮೇಲೆ ಕನ್ನಡಕ ಹಣೆಗೇರಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

"ಇದು ನಾನು ಕೊಟ್ಟಿದ್ದಲ್ಲ" ಅಂದಳು.

ಅದೇ ಅಕ್ಕಾ, ಅದೇ, ಎಂದು ಹಲ್ಲಿನವನು ನಕ್ಕ. ಹೊಗಳಿದಳೆಂದೇ ತಿಳಿದ. ಬೀದಿಯವರೆಲ್ಲ ಅವನನ್ನು ಕರೆಯುವುದು ಹಲ್ಲಿನವನು ಎಂದೇ. ದಂತವೈದ್ಯರು ಹೇಳಿದ ಅಳತೆಗೆ ಹಲ್ಲಿನ ಸೆಟ್ಟು ಮಾಡಿಕೊಡುವುದು ಅವನ ಕಸುಬು. ಹುಟ್ಟಿದ ಹಲ್ಲು ಯಾವುದು, ಇವನು ಕೂರಿಸಿದ್ದು ಯಾವುದು ಎಂದು ಬಾಯಿಯ ಒಡೆಯನಿಗೇ ತಿಳಿಯಬಾರದು, ಅಂಥ ಕೈ. ಆದರೆ ಅವನ ಜೀವವೆಲ್ಲ ಇದ್ದದ್ದು ಅಂಗಡಿಯ ಮೂಲೆಯ ಗಾಜಿನ ಬೀರುವಿನಲ್ಲಿ. ಕೀಲಿ ಕೊಟ್ಟರೆ ನಡೆಯುವ ತಗಡಿನ ರೋಬೋಗಳು, ಮೂರು ಕಾಲಿನ ಹಾರುವ ತಟ್ಟೆ, ಮನುಷ್ಯ ಚಂದ್ರನ ಮೇಲೆ ಕಾಲಿಡುವ ಮುಂಚೆಯೇ ಯಾರೋ ಊಹಿಸಿ ಮಾಡಿದ ಚಂದ್ರನ ಬಂಡಿ. ನಡುವೆ ಒಂದು ಕೆಂಪು ರಾಕೆಟ್. ಅದಕ್ಕೆ ಬಾಗಿಲಿತ್ತು, ಏಣಿಯಿತ್ತು, ಒಳಗೆ ಹೆಬ್ಬೆರಳಗಲದ ಕುರ್ಚಿಯಿತ್ತು. ಕುರ್ಚಿಯಲ್ಲಿ ಕೂರಬೇಕಾದ ಕ್ಯಾಪ್ಟನ್ ಮಾತ್ರ ಇರಲಿಲ್ಲ. ಅವನಿಗಾಗಿ ಹಲ್ಲಿನವನು ಇಪ್ಪತ್ತೆರಡು ವರ್ಷ ಹಳೆ ಸಾಮಾನಿನ ಅಂಗಡಿಗಳನ್ನು ಜಾಲಾಡಿದ, ತನ್ನ ಹಾಗೇ ಹುಚ್ಚು ಹಿಡಿದವರಿಗೆಲ್ಲ ಕಾಗದ ಬರೆದ. ನಾನೇ ಕಳೆದುಹೋಗಿದ್ದರೆ ಇಷ್ಟು ಹುಡುಕುತ್ತಿದ್ದಿರೋ ಇಲ್ಲವೋ ಎಂದು ಹೆಂಡತಿ ಮೂಗು ಮುರಿಯುತ್ತಿದ್ದಳು.

ಕೊನೆಗೆ ಕ್ಯಾಪ್ಟನ್ ಸಿಕ್ಕಿದ್ದು ಎರಡೇ ಅಂಗಡಿ ಆಚೆ, ದರ್ಜಿ ಅಕ್ಕನ ಗುಂಡಿ ಡಬ್ಬಿಯಲ್ಲಿ. ಹೊಲಿಗೆ ಬಿಚ್ಚಿದ ಕೋಟು ಕೊಡಲು ಹೋಗಿದ್ದ ಹಲ್ಲಿನವನು ಗುಂಡಿಗಳ ನಡುವೆ ಆ ಬೆರಳುದ್ದದ ಪ್ಲಾಸ್ಟಿಕ್ ಮನುಷ್ಯನನ್ನು ಕಂಡು ನಿಂತಲ್ಲೇ ನಿಂತುಬಿಟ್ಟ. ಕೊಡುತ್ತೀರಾ ಎಂದು ಕೇಳಲು ಬಾಯಿ ಬರಲಿಲ್ಲ. ಖಾಲಿ ಕುರ್ಚಿಯ ಕಥೆ ಬೀದಿಗೆಲ್ಲ ಗೊತ್ತಿದ್ದದ್ದೇ. ಅಕ್ಕ ಮೂರು ದಿನ ಯೋಚಿಸಿ ತಾನಾಗಿಯೇ ತಂದುಕೊಟ್ಟಳು. ಗುಂಡಿಗಳ ಜೊತೆ ಎಷ್ಟು ದಿನ ಬಿದ್ದಿರುತ್ತಾನೆ, ಅವನ ಜಾಗದಲ್ಲಿ ಅವನು ಕೂರಲಿ, ನಾನು ಆಗಾಗ ಬಂದು ನೋಡಿಕೊಂಡು ಹೋಗುತ್ತೇನೆ ಎಂದಷ್ಟೇ ಹೇಳಿದ್ದಳು.

ಹೆಲ್ಮೆಟ್ಟಿನ ಮುಂದೆ ಎರಡು, ಹಿಂದೆ ಎರಡು ಗುಳಿ ಬಿದ್ದಿದ್ದವು. ಯಾವುದೋ ಮಗು ಕಚ್ಚಿದ ಗುರುತು. ಹಾಲುಹಲ್ಲು, ಇನ್ನೂ ಐದು ತುಂಬಿಲ್ಲ ಎಂಬುದು ಹಲ್ಲಿನವನಿಗೆ ನೋಡಿದೊಡನೆ ತಿಳಿದಿತ್ತು. ಯಾವ ಮಗು ಎಂದು ಮಾತ್ರ ಅವನು ಕೇಳಲಿಲ್ಲ. ಗುಳಿ ಕಂಡರೆ ಅವನ ಕೈ ಸುಮ್ಮನಿರುವುದಿಲ್ಲ. ತುಂಬಿದ, ಉಜ್ಜಿದ, ಬಣ್ಣ ಹೊಂದಿಸಿದ, ಕುರ್ಚಿಯಲ್ಲಿ ಕೂರಿಸಿ ಮಗುವಿನ ಹಾಗೆ ಚಪ್ಪಾಳೆ ತಟ್ಟಿದ.

"ಗುಳಿ ಎಲ್ಲಿ ಹೋದವು?" ಅಕ್ಕ ಕೇಳಿದಳು.

"ತುಂಬಿಬಿಟ್ಟೆ ಅಕ್ಕಾ. ಈಗ ಅಂಗಡಿಯಿಂದ ತಂದ ಹಾಗಿಲ್ವಾ?"

ಅಕ್ಕ ಸ್ಟೂಲಿನ ಮೇಲೆ ಕುಳಿತಳು. ಅಂಗಿಯ ಅಳತೆ ಹೇಳುವಷ್ಟೇ ಸಮಾಧಾನದಿಂದ ಹೇಳಿದಳು. ಆಟಿಕೆ ಅವಳ ತಮ್ಮನದು. ಅವಳು ಕಿತ್ತುಕೊಳ್ಳಲು ಹೋದರೆ ಅವನು ಕ್ಯಾಪ್ಟನ್‌ನನ್ನು ಕಚ್ಚಿ ಹಿಡಿಯುತ್ತಿದ್ದ. ಅದು ಸಿಗದಿದ್ದರೆ ಅವಳ ಕೈಯನ್ನೇ ಕಚ್ಚುತ್ತಿದ್ದ. ಐದು ತುಂಬುವ ಮೊದಲೇ ಜ್ವರ ಬಂದು ನಾಲ್ಕು ದಿನದಲ್ಲಿ ಹೋದ. ಐವತ್ತು ವರ್ಷದ ಮೇಲಾಯಿತು.

"ಒಂದು ಫೋಟೋನೂ ತೆಗೆಸಿರಲಿಲ್ಲ. ಮುಖ ಮರೆತೇ ಹೋಗಿದೆ ನನಗೆ" ಅಂದಳು. "ಗುಂಡಿ ಹುಡುಕುವಾಗ ಹೆಬ್ಬೆರಳು ಆ ಗುಳಿಗೆ ತಾಗೋದು. ಇದ್ದಾನೆ ಅನ್ನಿಸೋದು."

ಅಕ್ಕ ಬೈದಿದ್ದರೆ ಎಷ್ಟೋ ವಾಸಿಯಿತ್ತು ಅನ್ನಿಸಿತು ಹಲ್ಲಿನವನಿಗೆ. ನಾನು ಮೊದಲೇ ಹೇಳಬೇಕಿತ್ತು, ನೀನೇನು ಮಾಡುತ್ತೀ ಎಂದಳು. ಕ್ಯಾಪ್ಟನ್‌ನನ್ನು ತಾನೇ ಮತ್ತೆ ಕುರ್ಚಿಯಲ್ಲಿ ಕೂರಿಸಿ, ರಾಕೆಟ್ಟಿನ ಬಾಗಿಲು ಮುಚ್ಚಿದಳು. "ಚೆನ್ನಾಗಿ ಮಾಡಿದ್ದೀಯ ಕಣಪ್ಪ. ಇವನು ಇಲ್ಲೇ ಇರಲಿ." ಯಾರದೋ ಮನೆಯ ಹುಡುಗನ ಬಗ್ಗೆ ಹೇಳಿದಂತಿತ್ತು. ಇಪ್ಪತ್ತೆರಡು ವರ್ಷ ಹಂಬಲಿಸಿದ ಕುರ್ಚಿ ತುಂಬಿತ್ತು. ಅದರ ಕಡೆ ನೋಡಲು ಹಲ್ಲಿನವನಿಗೆ ಮನಸ್ಸಾಗಲಿಲ್ಲ.

ಅಕ್ಕ ಹೊಸ್ತಿಲು ದಾಟುತ್ತಿದ್ದಾಗ ಅವನಿಗೆ ತಟ್ಟನೆ ನೆನಪಾಯಿತು. ಅಚ್ಚು ತೆಗೆಯದೆ ಯಾವ ಕೆಲಸಕ್ಕೂ ಕೈ ಹಚ್ಚಬೇಡ ಎಂದು ಗುರುಗಳು ಕಲಿಸಿದ್ದ ಕೈ ಅವನದು. ಗೊಂಬೆಯೋ ಮನುಷ್ಯನೋ ಎಂದು ನೋಡುವ ಅಭ್ಯಾಸ ಅದಕ್ಕಿರಲಿಲ್ಲ. ಗುಳಿ ತುಂಬುವ ಮೊದಲು ಕ್ಯಾಪ್ಟನ್‌ನ ಅಚ್ಚನ್ನೂ ತೆಗೆದಿತ್ತು.

"ಅಕ್ಕಾ, ಒಂದು ನಿಮಿಷ ನಿಲ್ಲಿ."

ಡ್ರಾಯರನ್ನೇ ಎಳೆದು ಮೇಜಿನ ಮೇಲೆ ಸುರಿದ. ಊರಿನವರ ದವಡೆಗಳೆಲ್ಲ ಉರುಳಿದವು. ಅವುಗಳ ನಡುವೆ, ‘ಕ್ಯಾಪ್ಟನ್’ ಎಂದು ಬರೆದ ಕಾಗದದ ಚೀಟಿ ಅಂಟಿಸಿದ್ದ, ಎರಡು ಹೋಳಿನ ಬೂದು ಬಣ್ಣದ ಅಚ್ಚು ಸಿಕ್ಕಿತು. ಗಟ್ಟಿ ರಬ್ಬರಿನಂಥ ಅದನ್ನು ಬಿಡಿಸಿ ಬೆಳಕಿಗೆ ಹಿಡಿದ. ಗುಳಿಯ ಅಚ್ಚು ತೆಗೆದರೆ ಬರುವುದು ಉಬ್ಬು. ಹಲ್ಲು ಊರಿದ ಗುಳಿಯ ಅಚ್ಚೆಂದರೆ ಆ ಹಲ್ಲೇ. ಒಂದು ಹೋಳಿನಲ್ಲಿ ಮೇಲಿನ ಎರಡು, ಇನ್ನೊಂದರಲ್ಲಿ ಕೆಳಗಿನ ಎರಡು, ಅಕ್ಕಿಕಾಳಿನಷ್ಟು ಪುಟ್ಟ ಹಲ್ಲಿನ ತುದಿಗಳು ಎದ್ದು ನಿಂತಿದ್ದವು. ಒಂದು ಸ್ವಲ್ಪ ಓರೆ.

ಹಲ್ಲಿನವನು ಏನೂ ವಿವರಿಸಬೇಕಾಗಲಿಲ್ಲ. ಅಕ್ಕ ಎರಡೂ ಹೋಳನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಬಳೆಗಳನ್ನು ಮೇಲಕ್ಕೆ ಸರಿಸಿ, ಮಣಿಕಟ್ಟಿನ ಮೇಲಿನ ಮೆತ್ತನೆಯ ಜಾಗವನ್ನು ಎರಡೂ ಹೋಳಿನ ನಡುವೆ ಇಟ್ಟು ಒತ್ತಿದಳು.

"ಇಲ್ಲೇ ಕಚ್ಚುತ್ತಿದ್ದ" ಅಂದಳು.

ಅಚ್ಚು ತೆಗೆದಾಗ ಸುಕ್ಕುಗಟ್ಟಿದ ಚರ್ಮದ ಮೇಲೆ ನಾಲ್ಕು ಪುಟ್ಟ ಗುಳಿಗಳಿದ್ದವು. ಅವು ಮಾಯವಾಗುವ ತನಕ ನೋಡುತ್ತ ನಿಂತಳು. ಮತ್ತೆ ಒತ್ತಿದಳು, ಈ ಸಲ ಸ್ವಲ್ಪ ನೋಯುವ ಹಾಗೆ.