ಗಾಳದ ಭಾನುವಾರಗಳು

ಗಿರಣಿಯ ಕೆಲಸದಲ್ಲಿದ್ದಾಗ ಭಾನುವಾರ ಬಂತೆಂದರೆ ಚಿಕ್ಕಮಾದಯ್ಯನವರು ಗಾಳ ಹಿಡಿದು ಕೆರೆಗೆ ಹೊರಡುತ್ತಿದ್ದರು. ಕತ್ತಲಾದ ಮೇಲೇ ಮನೆಗೆ ಬರುತ್ತಿದ್ದರು. ಅದೆಂಥ ಮೀನಿನ ಹುಚ್ಚೋ ಎಂದು ಅಕ್ಕಪಕ್ಕದವರು ಆಡಿಕೊಳ್ಳುತ್ತಿದ್ದರು. ಈಗ ಮೊಣಕಾಲು ಕೈಕೊಟ್ಟಿತ್ತು, ಬೆರಳು ನಡುಗುತ್ತಿತ್ತು. ಒಬ್ಬರನ್ನೇ ಕಳಿಸಲು ಹೆದರಿ ಹೆಂಡತಿ ದೇವೀರಮ್ಮ ಮೊದಲ ಸಲ ಜೊತೆಗೆ ಬಂದು ಕೆರೆ ಏರಿಯ ಮೇಲೆ ಕೂತರು. ಎರೆಹುಳು ಸಿಕ್ಕಿಸಿಕೊಟ್ಟವರೂ ಆಕೆಯೇ.

ತೇಲುತ್ತಿದ್ದ ಗಾಳದ ಬೆಂಡು ಮುಳುಗಿತು. ಆಕೆ ಗಂಡನ ಕೈಯಿಂದ ಕಡ್ಡಿ ಕಿತ್ತುಕೊಂಡು ಎಳೆದರು. ಅಂಗೈಯಗಲದ ಜಿಲೇಬಿ ಮೀನು ಹುಲ್ಲಿನ ಮೇಲೆ ಬಿದ್ದು ಒದ್ದಾಡಿದಾಗ ಹುಡುಗಿಯಂತೆ ಕೂಗಿದರು. ಚಿಕ್ಕಮಾದಯ್ಯನವರು ಜೋರಾಗಿ ನಕ್ಕರು.

"ಇದ್ರಲ್ಲಿ ಇಷ್ಟು ಖುಷಿ ಇರುತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ," ಎಂದರು ದೇವೀರಮ್ಮ.

"ನಂಗೂ ಇವತ್ತೇ ಗೊತ್ತಾಗಿದ್ದು ಕಣೇ."

"ಸುಳ್ಳು ಹೇಳ್ಬೇಡಿ. ವಯಸ್ನಲ್ಲಿ ಒಂದು ಭಾನುವಾರನಾದ್ರೂ ತಪ್ಪಿಸಿದ್ರಾ?"

ಅವರು ಮೀನಿನ ಬಾಯಿಂದ ಕೊಕ್ಕೆ ಬಿಡಿಸಲು ಹೋಗಿ, ಆಗದೆ ಆಕೆಯ ಕೈಗೆ ಕೊಟ್ಟರು.

"ಮಗಳು ತೀರ್ಕೊಂಡ್ಮೇಲೆ ರಜಾ ದಿನ ಮನೇಲಿ ಕೂತು ನಿನ್ ಮುಖ ನೋಡಕ್ಕಾಗ್ತಿರ್ಲಿಲ್ಲ. ಎಷ್ಟೋ ಸಲ ನೀರಿಗೆ ಗಾಳಾನೇ ಹಾಕದೇ ಇಲ್ಲಿ ಕೂತು ಅತ್ತು ಬಂದಿದೀನಿ. ನಿನ್ನೊಬ್ಳನ್ನೇ ಬಿಟ್ಟು ಬರ್ತೀನಿ ಅಂತ ನಿಂಗೆ ಕೋಪ ಇತ್ತೇನೋ."

ದೇವೀರಮ್ಮ ಮೀನಿನ ಬಾಯಿಂದ ಕೊಕ್ಕೆ ಬಿಡಿಸಿದರು.

"ಇಲ್ಲ. ನೀವು ಯಾವಾಗ ಹೊರಡ್ತೀರೋ ಅಂತ ಕಾಯ್ತಿದ್ದೆ. ನೀವು ಈ ಕಡೆ ಬಂದ್ಮೇಲೇ ನಾನು ಬಾಯ್ಬಿಟ್ಟು ಅಳ್ತಿದ್ದಿದ್ದು."