ಚಾಪೆಯ ಸಾಲು

“ಎರಡನೇ ಸಾಲು ಉಲ್ಟಾ. ನಾಲ್ಕನೆಯದೂ ಅಷ್ಟೆ. ಈ ಹುಡುಗಿ ಫೇಲು,” ಎಂದು ಪರೀಕ್ಷಕರು ಪೆನ್ನಿನ ಮುಚ್ಚಳ ತೆಗೆದಾಗ ಅವಳಿಗೆ ತರಬೇತಿ ಕೊಟ್ಟ ಮೇಷ್ಟ್ರು ಮುಂದೆ ಬಂದು ಸಾಲುಗಳನ್ನು ಬಗ್ಗಿ ನೋಡಿದರು.

ಗಣಿ ತರಬೇತಿ ಕೇಂದ್ರದ ಶೆಡ್ಡಿನಲ್ಲಿ ಅಂದು ಕೊನೆಯ ಪರೀಕ್ಷೆ. ನೆಲ ಕೊರೆದಾಗ ಕೊಳವೆಯಲ್ಲಿ ಬರುವ ದುಂಡನೆಯ ಕಲ್ಲಿನ ತುಂಡುಗಳನ್ನು ಐದು ಸಾಲಿನ ಪೆಟ್ಟಿಗೆಯಲ್ಲಿ, ಆಳದ ಕ್ರಮ ತಪ್ಪದಂತೆ ಜೋಡಿಸಬೇಕು. ಪ್ರತಿ ಸಾಲೂ ಎಡದಿಂದ ಬಲಕ್ಕೆ, ನೋಟುಬುಕ್ಕಿನಲ್ಲಿ ಬರೆದ ಹಾಗೆ. ಹುಡುಗಿ ಮೊದಲ ಸಾಲನ್ನು ಸರಿಯಾಗಿ ತುಂಬಿ, ಎರಡನೆಯದನ್ನು ಬಲದಿಂದ ಎಡಕ್ಕೆ ತಂದಿದ್ದಳು. ಬೆಟ್ಟದ ಮೂಲನಿವಾಸಿಗಳಿಗೆ ಮೀಸಲಿದ್ದ ಕೆಲಸಗಳಲ್ಲಿ ಇನ್ನು ಉಳಿದದ್ದು ಒಂದೇ. ಫೇಲಾದರೆ ಅದೂ ಕೈತಪ್ಪುತ್ತಿತ್ತು. ಮೇಷ್ಟ್ರೂ ಆ ಬೆಟ್ಟದವರೇ.

“ಹೀಗೆ ಜೋಡಿಸೋಕೆ ಯಾರಮ್ಮ ಹೇಳಿಕೊಟ್ಟಿದ್ದು? ನಾನಂತೂ ಅಲ್ಲ.”

“ಯಾರೂ ಇಲ್ಲ ಮೇಷ್ಟ್ರೇ. ಅಂಚಿಗೆ ಬಂದ ತಕ್ಷಣ ಕೈ ತಾನಾಗೇ ತಿರುಗಿಬಿಡ್ತು. ಅಜ್ಜಿ ಜೊತೆ ಚಾಪೆ ಹೆಣೆದೂ ಹೆಣೆದೂ...”

ಮೇಷ್ಟ್ರಿಗೆ ಅಮ್ಮ ನೆನಪಾದಳು. ಅಂಚಿಗೆ ಬಂದ ಎಳೆಯನ್ನು ಕತ್ತರಿಸಿದರೆ ಆಕೆಗೆ ಆಗುತ್ತಿರಲಿಲ್ಲ. ಮಡಚಿ ಹಿಂದಕ್ಕೆ ತರಬೇಕು. ತಪ್ಪಿದರೆ ಬೆರಳಿನ ಮೇಲೆ ಪಟ್ಟನೆ ಒಂದು ಏಟು. ಒದ್ದೆ ಜೊಂಡಿನ ವಾಸನೆ, ಅಮ್ಮನ ಮುಗಿಯದ ಗೊಣಗಾಟ. ಈಗ ಆ ಏಟನ್ನಾದರೂ ಕೊಡುವವರು ಯಾರಿದ್ದಾರೆ?

ಅವರು ಪರೀಕ್ಷಕರನ್ನು ಶೆಡ್ಡಿನ ಮೂಲೆಗೆ ಕರೆದೊಯ್ದರು. ಹುಡುಗಿಯೂ ಹಿಂದೆಯೇ ಬಂದಳು. ಕಪಾಟಿನ ಕೆಳಗಿನಿಂದ ಒಂದು ಹಳೆಯ ಪೆಟ್ಟಿಗೆ ಎಳೆದು, ಧೂಳು ಊದಿ, ಮುಚ್ಚಳ ತೆಗೆದರು. ಅಲ್ಲೂ ಸಾಲುಗಳು ಚಾಪೆಯ ಎಳೆಯಂತೆ ತಿರುಗಿ ಬಂದಿದ್ದವು. ತಿರುವು ಬಂದಲ್ಲೆಲ್ಲ ಕೆಂಪು ಬಾಣದ ಗುರುತು.

“ಇದ್ಯಾವ ಮಹಾನುಭಾವನ ಕೆಲಸ?”

“ನಂದೇ ಸಾರ್. ಮೂವತ್ತೈದು ವರ್ಷದ ಹಿಂದೆ, ಇದೇ ಪರೀಕ್ಷೇಲಿ. ಬೆಟ್ಟದಿಂದ ಬಂದಿದ್ದವನು ನಾನೊಬ್ಬನೇ. ಅವತ್ತಿನ ಪರೀಕ್ಷಕರು ಚೆನ್ನಾಗಿ ಉಗಿದ್ರು. ಆಮೇಲೆ ಯಾವ ತುಂಡು ಎಷ್ಟು ಆಳದ್ದು ಅಂತ ಒಂದೊಂದಾಗಿ ಕೇಳಿದ್ರು. ಒಂದೂ ತಪ್ಪಲಿಲ್ಲ. ಈ ಬಾಣ ಅವರೇ ಬರೆದು ಪಾಸು ಮಾಡಿದ್ರು. ಇವಳನ್ನೂ ಕೇಳಿ ನೋಡಿ.”

ಪರೀಕ್ಷಕರು ಮುಖ ಗಂಟಿಕ್ಕಿಕೊಂಡೇ ಕೇಳಿದರು. ಹುಡುಗಿ ಪಟಪಟನೆ ಹೇಳಿದಳು, ಒಂದೂ ತಪ್ಪಲಿಲ್ಲ. “ಕೆಲಸಕ್ಕೆ ಸೇರಿದ ಮೇಲೆ ಎಡದಿಂದ ಬಲಕ್ಕೆ, ಗೊತ್ತಾಯ್ತಾ?” ಎಂದು ಗದರಿ, ಸಹಿ ಹಾಕಿ ಹೊರಟರು.

ಹುಡುಗಿ ಕಣ್ಣೊರೆಸಿಕೊಂಡು ಹಳೆಯ ಪೆಟ್ಟಿಗೆಯ ಮುಂದೆ ಕೂತಳು. ಕೆಂಪು ಕಲ್ಲಿನ ಮೇಲೆ ಬೆರಳಾಡಿಸಿದಳು.

“ಇದು ಎಲ್ಲಿಯ ಕಲ್ಲು ಮೇಷ್ಟ್ರೇ?”

“ನಮ್ಮನೆ ಹಿಂದಿನ ಗುಡ್ಡದ್ದು. ಅಮ್ಮ ಚಾಪೆ ಒಣಗಿಸ್ತಿದ್ದ ಗುಡ್ಡ. ಅಲ್ಲಿ ಅದಿರಿದೆ ಅಂತ ಗೊತ್ತಾಗಿದ್ದೇ ಈ ಪೆಟ್ಟಿಗೆಯಿಂದ.”

“ಒಂದ್ಸಲ ಆ ಗುಡ್ಡ ತೋರಿಸ್ತೀರಾ?”

ಮೇಷ್ಟ್ರು ಮುಚ್ಚಳವನ್ನು ಇನ್ನೂ ಕೈಯಲ್ಲೇ ಹಿಡಿದುಕೊಂಡಿದ್ದರು.

“ನೋಡ್ತಾ ಇದ್ದೀಯಲ್ಲಮ್ಮ. ಉಳಿದಿರೋದು ಇಷ್ಟೇ.”